ಕರಿ ಬಿಲ್ಲೆ ಎಣಿಸಿ ಕೊಂಡ ರ‍್ಯಾಮ್: ಹಳೆಯ ಥಿಂಕ್‌ಪ್ಯಾಡ್ ಎಕ್ಸ್200ಕ್ಕೆ 8 ಜಿಬಿ

ಅಪ್ಪಯ್ಯ ಮೂರು ವರ್ಷದಿಂದ ಉಪ್ಪಿನಕಾಯಿಗೆ ಬಳಸುವ ಅಪ್ಪೆಮಿಡಿ ಮಾವಿನ ಮರಗಳ ಪಟ್ಟಿ ಮಾಡುತ್ತಿದ್ದಾರೆ. ಸಾಗರದ ಸುತ್ತ ಹೊಳೆದಂಡೆಯಲ್ಲಿ, ಯಾರದೋ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಇರುವ ಮರ ಯಾವುದು, ಮಿಡಿ ಎಷ್ಟು ಉದ್ದ, ಸೊನೆ ಹೇಗೆ, ಜೀರಿಗೆ ವಾಸನೆಯೋ ಕರ್ಪೂರದ್ದೋ, ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿ ನಿಲ್ಲುತ್ತದೆ, ಎಲ್ಲವೂ ಒಂದೇ ಕಡತದಲ್ಲಿ. ಮರಕ್ಕೆ ಎರಡು ಮೂರು ಫೋಟೊ. ಲಿಬ್ರೆ ಆಫೀಸಿನಲ್ಲಿ ಬರೆಯುತ್ತಾರೆ, ಫೋಟೊ ಅಲ್ಲೇ ಅಂಟಿಸುತ್ತಾರೆ. ಈ ಮಳೆಗಾಲದ ಹೊತ್ತಿಗೆ ಆ ಕಡತ ತೆರೆಯಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಪುಟ ಸರಿಸಿದರೆ ಪರದೆ ನಿಂತೇ ಹೋಗುತ್ತಿತ್ತು.

‘ಮಾರಾಯ, ಇದನ್ನ ತೆಗೆದು ಕಾಫಿ ಕುಡಿದು ಬಂದ್ರೂ ಇನ್ನೂ ಸುತ್ತತಾ ಇರ್ತದೆ’ ಎಂದರು ಅಪ್ಪಯ್ಯ.

ಯಂತ್ರ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್200, 2008ರ ಮಾದರಿ. ಚಿಕ್ಕಪ್ಪ ಬೆಂಗಳೂರಿನ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದಾಗ ತಂದು ಕೊಟ್ಟದ್ದು. ಕೋರ್ 2 ಡ್ಯುಯೊ ಪಿ8600 ಪ್ರೊಸೆಸರ್, 2.4 ಗಿಗಾಹರ್ಟ್ಸ್, 12.1 ಇಂಚಿನ ಪರದೆ. ಟಚ್‌ಪ್ಯಾಡ್ ಇಲ್ಲ, ಕೀಲಿಮಣೆಯ ನಡುವೆ ಕೆಂಪು ಗುಂಡಿ ಮಾತ್ರ. ಹೊಸದೊಂದು ಲ್ಯಾಪ್‌ಟಾಪ್ ತರೋಣ ಎಂದು ನಾನು ಮೊದಲೇ ಹೇಳಿದ್ದೆ. ಅಪ್ಪಯ್ಯನಿಗೆ ಅದರ ಕೀಲಿಮಣೆ ಕೈಗೆ ಕೂತಿದೆ. ಕನ್ನಡ ಅಕ್ಷರಗಳ ಚೀಟಿಗಳನ್ನು ಒಂದೊಂದು ಕೀಲಿಗೂ ತಾವೇ ಕತ್ತರಿಸಿ ಅಂಟಿಸಿಕೊಂಡಿದ್ದಾರೆ. ಬದಲಿಸುವುದು ಬೇಡ ಎಂದರು. ಅವರ ಮಾತು ಸರಿ ಎಂದು ನನಗೂ ಅನ್ನಿಸಿತು. ಕೆಲಸ ಮಾಡುವ ಯಂತ್ರ, ಕೊರತೆ ಒಂದೇ ಕಡೆ ಇದ್ದರೆ ಅಲ್ಲಿ ತುಂಬಬೇಕು.

ಕೊರತೆ ಎಲ್ಲಿ ಎಂದು ಮೊದಲು ನೋಡಿಕೊಂಡೆ. ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ, ಎಕ್ಸ್‌ಎಫ್‌ಸಿಇ ಆವೃತ್ತಿ, 64 ಬಿಟ್. ಕಡತ ತೆರೆದು ಪಕ್ಕದಲ್ಲಿ ಸಿಸ್ಟಂ ಮಾನಿಟರ್ ಇಟ್ಟರೆ ಪ್ರೊಸೆಸರ್ ಹೆಚ್ಚು ಹೊತ್ತು ಸುಮ್ಮನೇ ಕೂತಿದೆ, ಮೆಮೊರಿ ಮಾತ್ರ ಕಂಠಪೂರ್ತಿ. 2 ಜಿಬಿ ರ‍್ಯಾಮ್ ತುಂಬಿ, ಮಿಕ್ಕದ್ದು 1 ಜಿಬಿಗಿಂತ ಹೆಚ್ಚು ಸ್ವಾಪ್‌ಗೆ ಹೋಗಿದೆ. ಸ್ವಾಪ್ ಅಂದರೆ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಹಾರ್ಡ್ ಡಿಸ್ಕಿನ ಮೇಲೆ ಇಡುವುದು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದು ಬಹಳ ನಿಧಾನ. ಡಿಸ್ಕಿನ ದೀಪ ಆರದೇ ಉರಿಯುತ್ತಿತ್ತು. ಅಲ್ಲಿಗೆ ರೋಗ ಖಾತ್ರಿಯಾಯಿತು. ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿದ್ದರೂ ಮೊದಲು ಇಷ್ಟು ನೋಡಿ. ಮೆಮೊರಿ ಅರ್ಧವೇ ಬಳಕೆಯಾಗುತ್ತಿದ್ದರೆ ರ‍್ಯಾಮ್ ಹಾಕಿ ಏನೂ ಸಿಗುವುದಿಲ್ಲ, ಆ ದುಡ್ಡು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಿಗೆ ಹಾಕಬೇಕು.

64 ಬಿಟ್ ಎಂದು ಹೇಳಿದೆನಲ್ಲ, ಅದೂ ಮುಖ್ಯ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ 32 ಬಿಟ್ ವಿಂಡೋಸ್ 7 ಇರುತ್ತದೆ. ಅದರಲ್ಲಿ 8 ಜಿಬಿ ಹಾಕಿದರೂ ಸುಮಾರು 3 ಜಿಬಿ ಚಿಲ್ಲರೆ ಮಾತ್ರ ಬಳಕೆಗೆ ಸಿಗುತ್ತದೆ. ವಿಂಡೋಸ್ 7 ಹೋಂ ಬೇಸಿಕ್ 64 ಬಿಟ್ ಆಗಿದ್ದರೂ 8 ಜಿಬಿಯೇ ಅದರ ಗಡಿ.

ಶನಿವಾರ: ತಪ್ಪು ರ‍್ಯಾಮ್

ಲ್ಯಾಪ್‌ಟಾಪ್ ಮಗುಚಿ ತಳದ ಮುಚ್ಚಳ ಬಿಚ್ಚುವ ಮೊದಲೇ ನಾನು ಆನ್‌ಲೈನ್‌ನಲ್ಲಿ ರ‍್ಯಾಮ್ ತರಿಸಿಬಿಟ್ಟಿದ್ದೆ. ಆಗಿದ್ದೇ ಅಲ್ಲಿ. ಎಕ್ಸ್200ಕ್ಕೆ ಡಿಡಿಆರ್3 (ಮೂರನೆಯ ತಲೆಮಾರಿನ) ರ‍್ಯಾಮ್, ಲ್ಯಾಪ್‌ಟಾಪಿನ ಸೋಡಿಮ್ ಗಾತ್ರ, 204 ಪಿನ್ ಎಂಬುದು ಗೊತ್ತಿತ್ತು. ಮಾರುವವರು ‘ಎಲ್ಲಾ ಡಿಡಿಆರ್3 ಲ್ಯಾಪ್‌ಟಾಪಿಗೂ ಆಗುತ್ತದೆ’ ಎಂದು ಬರೆದಿದ್ದರು. 4 ಜಿಬಿಯ ಒಂದು ತರಿಸಿದೆ. ಅದು ಸರಿಯಾದರೆ ಇನ್ನೊಂದು ತರಿಸುವುದು ಎಂದು ಲೆಕ್ಕ.

ಹಿತ್ತಲ ಕಡೆ ಜಗಲಿಯಲ್ಲಿ ಕೂತು ಬಿಚ್ಚಿದೆವು. ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ, ಒಳಗೆ ಉಳಿದ ವಿದ್ಯುತ್ತು ಇಳಿಯಲಿ ಎಂದು. ಕಿಟಕಿಯ ಕಬ್ಬಿಣದ ಸರಳು ಮುಟ್ಟಿಕೊಂಡು ಕೂತೆ. ಆಷಾಢದ ಮಳೆಯಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ತು ಕಡಿಮೆಯೇ, ಆದರೂ ರ‍್ಯಾಮ್ ಮುಟ್ಟುವಾಗ ಈ ಅಭ್ಯಾಸ ಬಿಡಬಾರದು. ತಳದಲ್ಲಿ ಮೆಮೊರಿಯ ಮುಚ್ಚಳ ಬೇರೆಯೇ ಇದೆ, ಪೂರ್ತಿ ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ. ಒಳಗೆ ಎರಡು ಸ್ಲಾಟ್. ಒಂದರಲ್ಲಿ 2 ಜಿಬಿ, ಇನ್ನೊಂದು ಖಾಲಿ.

ಖಾಲಿ ಸ್ಲಾಟಿಗೆ ಹೊಸ 4 ಜಿಬಿ ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ‘ಟಕ್’ ಎಂದು ಹಿಡಿದವು. ಮುಚ್ಚಿ, ಆನ್ ಮಾಡಿದರೆ ಪರದೆ ಕಪ್ಪು. ಫ್ಯಾನು ತಿರುಗುತ್ತದೆ, ಒಳಗಿನಿಂದ ಬಿಟ್ಟು ಬಿಟ್ಟು ಬೀಪ್ ಬೀಪ್ ಎನ್ನುತ್ತದೆ, ಅಷ್ಟೇ. ತೆಗೆದು ಮತ್ತೆ ಕೂರಿಸಿದೆ. ಹಳೆಯದನ್ನು ತೆಗೆದು ಹೊಸದೊಂದನ್ನೇ ಹಾಕಿದೆ. ಸ್ಲಾಟ್ ಅದಲು ಬದಲು ಮಾಡಿದೆ. ಹೊಸದು ಎಲ್ಲಿ ಇದ್ದರೂ ಬೀಪ್. ಹಳೆಯದೊಂದನ್ನೇ ಯಾವ ಸ್ಲಾಟಿಗೆ ಹಾಕಿದರೂ ಯಂತ್ರ ಏಳುತ್ತದೆ. ಅಂದರೆ ಎರಡು ಸ್ಲಾಟೂ ಗಟ್ಟಿ ಇವೆ. ಹೊಸದೇ ಕೆಟ್ಟದ್ದು ಎಂದು ನಾನು ತೀರ್ಮಾನಿಸಿ, ವಾಪಸು ಕಳಿಸಲು ಡಬ್ಬಿಗೆ ಹಾಕುತ್ತಿದ್ದೆ.

ಅಪ್ಪಯ್ಯ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡುತ್ತಿದ್ದರು. ಕನ್ನಡಕ ಹಣೆಗೆ ಏರಿಸಿ, ಹತ್ತಿರ ಹಿಡಿದು.

‘ಇದರಲ್ಲಿ ಈ ಕಡೆ ಎಂಟು ಕರಿ ಬಿಲ್ಲೆ ಉಂಟು, ಆ ಕಡೆನೂ ಎಂಟು. ನೀ ತಂದಿದ್ದರಲ್ಲಿ ಈ ಕಡೆ ನಾಲ್ಕೇ, ಆ ಕಡೆ ನಾಲ್ಕು. ಇದು ಸಣ್ಣದು ಅಲ್ವೇನೋ? ದೊಡ್ಡದು ಹೆಂಗಾಗ್ತದೆ?’

ನಾನು ಆಗಿಂದ ಸ್ಲಾಟ್, ಕೊಕ್ಕೆ, ಪಿನ್ ನೋಡುತ್ತಿದ್ದೆ, ಬಿಲ್ಲೆ ಎಣಿಸಿರಲಿಲ್ಲ. ಇಡೀ ವಿಷಯ ಆ ಎಣಿಕೆಯಲ್ಲೇ ಇತ್ತು.

ಚೀಟಿ ಓದುವುದು

ಪ್ರತಿ ರ‍್ಯಾಮ್ ಮೇಲೂ ಒಂದು ಚೀಟಿ ಇರುತ್ತದೆ. ಹಳೆಯದರ ಮೇಲೆ ‘2ಜಿಬಿ 2ಆರ್‌ಎಕ್ಸ್8 ಪಿಸಿ3-8500ಎಸ್’ ಎಂದಿತ್ತು. ಹೊಸದರ ಮೇಲೆ ‘4ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್’. ಅಂಗಡಿಯವರೂ ನಾವೂ ಮೊದಲ ಅಂಕೆಯನ್ನೇ ನೋಡುತ್ತೇವೆ. ನಿಜವಾದ ವಿಷಯ ಮುಂದಿನ ಅಕ್ಷರಗಳಲ್ಲಿ ಇದೆ.

ಹಿಂದಿನಿಂದ ಬರುತ್ತೇನೆ. ಕೊನೆಯ ‘ಎಸ್’ ಎಂದರೆ ಸೋಡಿಮ್, ಲ್ಯಾಪ್‌ಟಾಪಿನದು. 8500 ಎಂಬುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಿಸಬಲ್ಲದು ಎಂಬ ಲೆಕ್ಕ. 1066ರ ವೇಗವನ್ನು (ಸೆಕೆಂಡಿಗೆ 1066 ದಶಲಕ್ಷ ಸಲ ಸಾಗಣೆ) 8 ಬೈಟಿನ ಅಗಲದಿಂದ ಗುಣಿಸಿದರೆ ಸುಮಾರು 8500. ಹಾಗೆಯೇ 10600 ಎಂದರೆ 1333, 12800 ಎಂದರೆ 1600. ಎಕ್ಸ್200ರಲ್ಲಿ ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ನಿಲ್ಲುವ ಚಿಪ್ಪು, ಅಂದರೆ ಚಿಪ್‌ಸೆಟ್, ಇಂಟೆಲ್ ಜಿಎಂ45, ಅದು ಓಡಿಸುವುದು 1066ರ ತನಕ. ಅದಕ್ಕಿಂತ ವೇಗದ ರ‍್ಯಾಮ್ ಹಾಕಿದರೆ ತೊಂದರೆ ಇಲ್ಲ, ಅದು ಇಳಿದು 1066ಕ್ಕೆ ಓಡುತ್ತದೆ. ಹಾಗಾಗಿ ವೇಗ ನಮ್ಮ ಅಡ್ಡಿ ಅಲ್ಲ.

ಪಿಸಿ3 ಎಂದರೆ ಡಿಡಿಆರ್3, 1.5 ವೋಲ್ಟ್. ಪಿಸಿ3ಎಲ್ ಎಂದರೆ 1.35 ವೋಲ್ಟಿನಲ್ಲೂ ಓಡುವ ಡಿಡಿಆರ್3ಎಲ್. ಈ ಎಲ್ ಇರುವ ರ‍್ಯಾಮ್ 1.5 ವೋಲ್ಟಿನ ಸ್ಲಾಟಿನಲ್ಲೂ ಓಡುವಂತೆಯೇ ಮಾಡಿದ್ದು. ಅದೂ ಅಡ್ಡಿ ಅಲ್ಲ. ತಿರುವು ಮುರುವಾದರೆ ಮಾತ್ರ ಕಷ್ಟ: 1.35 ವೋಲ್ಟನ್ನಷ್ಟೇ ಕೊಡುವ ಲ್ಯಾಪ್‌ಟಾಪಿಗೆ 1.5ರ ರ‍್ಯಾಮ್ ಹಾಕಿದರೆ ಅದು ಏಳುವುದಿಲ್ಲ.

ಉಳಿದದ್ದು ‘1ಆರ್‌ಎಕ್ಸ್8’. ಆರ್ ಎಂದರೆ ರ‍್ಯಾಂಕ್, ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದು ತಂಡ. ಎಕ್ಸ್8 ಎಂದರೆ ಒಂದೊಂದು ಚಿಪ್ಪೂ ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ. ಪ್ರೊಸೆಸರಿಗೆ ಹೋಗುವ ದಾರಿ 64 ಬಿಟ್ ಅಗಲ, ಹಾಗಾಗಿ ಒಂದು ತಂಡದಲ್ಲಿ 8 ಚಿಪ್ಪು. 2ಆರ್ ಎಂದರೆ ಎರಡು ತಂಡ, 16 ಚಿಪ್ಪು. ಅಪ್ಪಯ್ಯ ಎಣಿಸಿದ್ದು ಇದನ್ನೇ. ಅಂಚಿನಲ್ಲಿ ಇನ್ನೊಂದು ತೀರಾ ಚಿಕ್ಕ ಎಂಟು ಕಾಲಿನ ಚಿಪ್ಪು ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ರ‍್ಯಾಮಿನ ಜಾತಕ ಬರೆದಿಟ್ಟ ಚಿಪ್ಪು, ಎಸ್‌ಪಿಡಿ ಎನ್ನುತ್ತಾರೆ.

ಈಗ ಭಾಗಾಕಾರ ಮಾಡಿ. 8 ಬಿಟ್ ಸೇರಿ ಒಂದು ಬೈಟ್, ಹಾಗಾಗಿ 4 ಜಿಬಿ ಎಂದರೆ 32 ಗಿಗಾಬಿಟ್. 4 ಜಿಬಿಯನ್ನು 16 ಚಿಪ್ಪಿಗೆ ಹಂಚಿದರೆ ಒಂದೊಂದರಲ್ಲಿ 2 ಗಿಗಾಬಿಟ್. ಅದೇ 4 ಜಿಬಿಯನ್ನು 8 ಚಿಪ್ಪಿಗೇ ಹಂಚಿದರೆ ಒಂದೊಂದರಲ್ಲಿ 4 ಗಿಗಾಬಿಟ್. ಎರಡೂ 4 ಜಿಬಿಯೇ, ಆದರೆ ಚಿಪ್ಪಿನ ಒಳಗಿನ ದಟ್ಟಣೆ ಬೇರೆ. ಜಿಎಂ45ಕ್ಕೆ 2 ಗಿಗಾಬಿಟ್ ಚಿಪ್ಪಿನ ತನಕ ಮಾತ್ರ ಗೊತ್ತು.

ಯಾಕೆ ಎಂದು ಅಪ್ಪಯ್ಯ ಕೇಳಿದರು. ನಾನು ತೋಟದ ಕಡೆ ಕೈ ತೋರಿಸಿದೆ. ಮೆಮೊರಿ ಚಿಪ್ಪಿನ ಒಳಗೂ ಸಾಲು ಇರುತ್ತವೆ, ಸಾಲಿನಲ್ಲಿ ಮರ ಇದ್ದ ಹಾಗೆ ಕೋಶಗಳು ಇರುತ್ತವೆ. ಇಂಥ ಸಾಲಿನ ಇಂಥ ಮರ ಎಂದು ಹೇಳಿದರೆ ಅಲ್ಲಿಂದ ಮಾಹಿತಿ ಬರುತ್ತದೆ. ಸಾಲಿನ ಸಂಖ್ಯೆ ಹೇಳಲು ತಂತಿಗಳು ಇವೆ. 2 ಗಿಗಾಬಿಟ್ ಚಿಪ್ಪಿಗೆ ಅಂಥ ತಂತಿ 15, ಅಂದರೆ 32,768 ಸಾಲು. 4 ಗಿಗಾಬಿಟ್ ಚಿಪ್ಪಿಗೆ 16 ತಂತಿ ಬೇಕು, 65,536 ಸಾಲು. ಹಳೆಯ ಚಿಪ್‌ಸೆಟ್ಟಿಗೆ ಆ ಹದಿನಾರನೆಯ ತಂತಿಯ ಲೆಕ್ಕವೇ ಇಲ್ಲ.

‘ಹಂಗಾದ್ರೆ ಅರ್ಧ ತೋಟನಾದ್ರೂ ಕೊಯ್ಲು ಮಾಡ್ಬಹುದಿತ್ತಲ್ಲ’ ಎಂದರು ಅಪ್ಪಯ್ಯ.

ಸರಿಯಾದ ಪ್ರಶ್ನೆ. ಅದೂ ಆಗುವುದಿಲ್ಲ. ಯಂತ್ರ ಆನ್ ಆದ ಕೂಡಲೇ ಬಯಾಸ್ (ಬೋರ್ಡಿನಲ್ಲೇ ಇರುವ, ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಆ ಎಸ್‌ಪಿಡಿ ಚಿಪ್ಪಿನ ಜಾತಕ ಓದುತ್ತದೆ. ತನಗೆ ಗೊತ್ತಿಲ್ಲದ ದಟ್ಟಣೆ ಅಲ್ಲಿ ಬರೆದಿದ್ದರೆ ಮುಂದೆ ಹೋಗದೆ ಅಲ್ಲೇ ನಿಂತು ಬೀಪ್ ಮಾಡುತ್ತದೆ.

ಸಂಜೆ ಭಾವನ ಮನೆಗೆ ಹೋಗಿ ಅವರ ಥಿಂಕ್‌ಪ್ಯಾಡ್ ಟಿ430ಕ್ಕೆ ಅದೇ ರ‍್ಯಾಮ್ ಹಾಕಿ ನೋಡಿದೆ. 2012ರ ಮಾದರಿ, ಮೂರನೆಯ ತಲೆಮಾರಿನ ಕೋರ್ ಐ5. ಮೊದಲ ಸಲಕ್ಕೇ ಎದ್ದಿತು, 1600ರ ವೇಗದಲ್ಲೇ ಓಡಿತು. ರ‍್ಯಾಮ್ ಕೆಟ್ಟಿರಲಿಲ್ಲ. ‘ಇದು ಇಲ್ಲೇ ಇರಲಿ ಬಿಡು, ನನಗೂ ಬೇಕಿತ್ತು’ ಎಂದು ಭಾವ ದುಡ್ಡು ಕೊಟ್ಟರು. ವಾಪಸು ಕಳಿಸುವ ರಗಳೆ ತಪ್ಪಿತು. ರ‍್ಯಾಮ್ ಕೆಟ್ಟಿದೆ ಎಂದು ಹೇಳುವ ಮೊದಲು ಇನ್ನೊಂದು ಯಂತ್ರದಲ್ಲಿ ಹಾಕಿ ನೋಡುವುದು ಮಾರುವವರಿಗೂ ನ್ಯಾಯ.

ಪಟ್ಟಿ ನೋಡಿ ಹೊರಟದ್ದು

ಎರಡನೆಯ ಸಲ ಆತುರ ಮಾಡಲಿಲ್ಲ. ಲಿನಕ್ಸಿನಲ್ಲಿ ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಡಿಎಂಐಡಿಕೋಡ್ ಎಂಬ ಆಜ್ಞೆ ಇದೆ, ಅದು ಯಂತ್ರವನ್ನು ಬಿಚ್ಚದೆಯೇ ಸ್ಲಾಟ್ ಎಷ್ಟು, ಯಾವುದರಲ್ಲಿ ಏನಿದೆ, ಯಾವ ವೇಗ, ರ‍್ಯಾಮಿನ ಪಾರ್ಟ್ ನಂಬರ್ ಏನು ಎಂದು ತೋರಿಸುತ್ತದೆ. ವಿಂಡೋಸ್ ಇದ್ದವರಿಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಪಿಡಿ ಎಂಬ ವಿಭಾಗ ಇದೆ, ಅಲ್ಲಿ ಅದೇ ವಿವರ ಸಿಗುತ್ತದೆ, ರ‍್ಯಾಂಕ್ ಕೂಡ. ಆದರೆ ಡಿಎಂಐಡಿಕೋಡ್ ಹೇಳುವ ‘ಗರಿಷ್ಠ ಸಾಮರ್ಥ್ಯ’ವನ್ನು ಮಾತ್ರ ನಂಬಿ ಕೂರಬೇಡಿ. ಬಯಾಸ್ ಬರೆದವರು ಅಲ್ಲಿ ಏನು ತುಂಬಿದ್ದಾರೋ ಅದನ್ನೇ ಅದು ಓದುತ್ತದೆ. ಚಿಪ್‌ಸೆಟ್ ಯಾವುದು ಎಂದು ತಿಳಿದು, ಅದರ ಬಗ್ಗೆ ಇಂಟೆಲ್ ಕೊಟ್ಟಿರುವ ವಿವರ ನೋಡುವುದು ಗಟ್ಟಿ. ಜಿಎಂ45ಕ್ಕೆ ಗರಿಷ್ಠ 8 ಜಿಬಿ. ಎರಡು ಸ್ಲಾಟಿಗೆ ನಾಲ್ಕು ನಾಲ್ಕು. ಅದರ ಮೇಲೆ ಆಸೆ ಪಡುವಂತಿಲ್ಲ.

ಒಂದು 4 ಜಿಬಿ ತಂದು ಹಳೆಯ 2 ಜಿಬಿ ಜೊತೆಗೆ ಹಾಕಿ 6 ಜಿಬಿ ಮಾಡಿದರೂ ಓಡುತ್ತದೆ. ನಾನು ಜೋಡಿಯನ್ನೇ ಆರಿಸಿದೆ. ಎರಡೂ ಸ್ಲಾಟಿನಲ್ಲಿ ಸಮ ಇದ್ದರೆ ಚಿಪ್‌ಸೆಟ್ ಎರಡು ದಾರಿಯಲ್ಲೂ ಒಟ್ಟಿಗೆ ಓದುತ್ತದೆ. ಎಕ್ಸ್200ರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಇಲ್ಲ, ಪರದೆಯ ಚಿತ್ರಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ, ಹಾಗಾಗಿ ಅದರ ಪ್ರಯೋಜನ ಇಲ್ಲಿ ಇದೆ.

ಬೇರೆ ಬೇರೆ ಕಾಲದ ಲ್ಯಾಪ್‌ಟಾಪ್ ಇರುವವರು ಕೇಳುತ್ತಾರೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2010ರ ಸುಮಾರಿನ ಮೊದಲ ತಲೆಮಾರಿನ ಕೋರ್ ಐ3, ಐ5 ಇದ್ದರೂ ಈ 16 ಚಿಪ್ಪಿನ ಲೆಕ್ಕವನ್ನೇ ಹಿಡಿಯುವುದು ಒಳ್ಳೆಯದು. 2011ರ ಎರಡನೆಯ ತಲೆಮಾರಿನಿಂದ 4 ಗಿಗಾಬಿಟ್ ಚಿಪ್ಪು ಓಡುತ್ತದೆ, 8 ಜಿಬಿಯ ಒಂದೊಂದು ರ‍್ಯಾಮ್ ಹಾಕಬಹುದು. 2013ರ ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪಿಗೆ ಡಿಡಿಆರ್3ಎಲ್ ಮಾತ್ರ. ಅಲ್ಲಿ ಹಳೆಯ 1.5 ವೋಲ್ಟಿನದು ನಡೆಯುವುದಿಲ್ಲ. ಆ ಕಾಲದ ಥಿಂಕ್‌ಪ್ಯಾಡ್ ಎಕ್ಸ್240ರಂಥ ತೆಳು ಯಂತ್ರಗಳಲ್ಲಿ ಸ್ಲಾಟ್ ಒಂದೇ, ಅದಕ್ಕೆ 8 ಜಿಬಿಯೇ ಕೊನೆ. 2015ರ ನಂತರ ಡಿಡಿಆರ್4 ಬಂತು, 260 ಪಿನ್, ಕಚ್ಚು ಬೇರೆ ಕಡೆ, ಒತ್ತಿದರೂ ಕೂರುವುದಿಲ್ಲ. 2008ಕ್ಕಿಂತ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ಡಿಡಿಆರ್2, 200 ಪಿನ್. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವನ್ನು ಬಿಚ್ಚಿ ಪ್ರಯೋಜನವಿಲ್ಲ. ಕಿಂಗ್‌ಸ್ಟನ್‌ನಂಥ ಕಂಪನಿಗಳು ಲ್ಯಾಪ್‌ಟಾಪಿನ ಮಾಡೆಲ್ ಹಾಕಿದರೆ ಹೊಂದುವ ರ‍್ಯಾಮ್ ತೋರಿಸುವ ಪಟ್ಟಿ ಇಟ್ಟಿವೆ, ಕೊಳ್ಳುವ ಮೊದಲು ಅದನ್ನು ತಾಳೆ ನೋಡಿ.

ಎಸ್.ಪಿ. ರೋಡು

ತಾಳಗುಪ್ಪದ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆ. ಬೇರೆ ಕೆಲಸವೂ ಇತ್ತು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎಸ್.ಪಿ. ರೋಡು ಮುಟ್ಟಿದೆ. ಮೊದಲ ಎರಡು ಅಂಗಡಿಗಳಲ್ಲಿ ಒಂದೇ ಮಾತು.

‘ಹದಿನಾರು ಚಿಪ್ಪಾ? ಡಿಡಿಆರ್ ತ್ರೀ ಎಲ್ಲಾ ಒಂದೇ ಸಾರ್. ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ತಗೊಂಡು ಬನ್ನಿ.’

ಸಾಗರದಿಂದ ಮತ್ತೆ ತಗೊಂಡು ಬರುವುದು ಹೇಗೆ? ಮೂರನೆಯದು ಒಳಗಿನ ಸಂದಿಯಲ್ಲಿ, ಹಳೆಯ ಲ್ಯಾಪ್‌ಟಾಪುಗಳ ಬಿಡಿಭಾಗ ಮಾರುವ ಚಿಕ್ಕ ಮಳಿಗೆ. ವಯಸ್ಸಾದವರೊಬ್ಬರು ಕೂತಿದ್ದರು. ನಾನು ಪೂರ್ತಿ ಹೇಳುವ ಮೊದಲೇ ‘ಕೋರ್ ಟು ಡ್ಯುಯೋನಾ? ಅದಕ್ಕೆ ಡಬಲ್ ಸೈಡ್ ಬೇಕು’ ಎಂದು ಕೆಳಗಿನಿಂದ ಒಂದು ಪ್ಲಾಸ್ಟಿಕ್ ತಟ್ಟೆ ತೆಗೆದು ಇಟ್ಟರು. ಆ ಮಾತು ಕೇಳಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಮಾರುಕಟ್ಟೆಯಲ್ಲಿ ಇದಕ್ಕೆ ‘ಡಬಲ್ ಸೈಡ್’ ಎಂದೇ ಹೆಸರು. ಆದರೆ ಆ ಹೆಸರನ್ನು ಅಕ್ಷರಶಃ ಹಿಡಿದರೆ ಮೋಸ ಹೋಗುತ್ತೀರಿ. ನಾನು ಮೊದಲು ತರಿಸಿದ್ದರಲ್ಲೂ ಎರಡೂ ಕಡೆ ಚಿಪ್ಪು ಇತ್ತಲ್ಲ, ನಾಲ್ಕು ನಾಲ್ಕು. ಎರಡೂ ಕಡೆ ಎಂಟೆಂಟು ಇರಬೇಕು.

ತಟ್ಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರ‍್ಯಾಮ್, ಎಲ್ಲವೂ ಬಳಸಿದ್ದು. ಈ ಕಾಲದಲ್ಲಿ ಈ ಜಾತಿಯದು ಹೊಸದಾಗಿ ಸಿಗುವುದು ಕಷ್ಟ, ಮತ್ತು ಬಳಸಿದ ರ‍್ಯಾಮ್ ಬಗ್ಗೆ ಹೆದರಬೇಕಿಲ್ಲ. ತಿರುಗುವ, ಸವೆಯುವ ಭಾಗ ಅದರಲ್ಲಿ ಇಲ್ಲ. ಹೆದರಬೇಕಾದ್ದು ಚೀಟಿಗೆ. ಒಂದರ ಮೇಲೆ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದ್ದು ಅಂಚಿನ ಅಂಟಿನಲ್ಲೇ ಕಾಣುತ್ತಿತ್ತು. ಅದಕ್ಕೆ ಚೀಟಿ ಬಿಟ್ಟು ಚಿಪ್ಪನ್ನೇ ಓದಿದೆ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದರೆ ಚಿಪ್ಪಿನ ಮೇಲೆ ಕೆತ್ತಿದ ಬೂದು ಅಕ್ಷರ ಕಾಣುತ್ತವೆ. ಸ್ಯಾಮ್‌ಸಂಗ್ ಚಿಪ್ಪಿನಲ್ಲಿ ‘ಕೆ4ಬಿ2ಜಿ0846’ ಎಂದಿದ್ದರೆ ನಡುವಿನ 2ಜಿ ಎಂಬುದೇ 2 ಗಿಗಾಬಿಟ್. ‘ಕೆ4ಬಿ4ಜಿ’ ಎಂದಿದ್ದರೆ 4 ಗಿಗಾಬಿಟ್, ನಮಗೆ ಬೇಡ. ಚೀಟಿಯ ಪಾರ್ಟ್ ನಂಬರಿನಲ್ಲೂ ಗುರುತು ಇದೆ. ಸ್ಯಾಮ್‌ಸಂಗ್‌ನ 4 ಜಿಬಿಯಲ್ಲಿ ‘ಎಂ471ಬಿ5273’ ಎಂದು ಶುರುವಾಗುವುದು 16 ಚಿಪ್ಪಿನದು, ‘ಎಂ471ಬಿ5173’ 8 ಚಿಪ್ಪಿನದು. ಹೈನಿಕ್ಸ್‌ನಲ್ಲಿ ‘ಎಚ್‌ಎಂಟಿ351’ 16 ಚಿಪ್ಪು, ‘ಎಚ್‌ಎಂಟಿ451’ 8 ಚಿಪ್ಪು. ಒಂದೇ ಅಂಕೆಯ ವ್ಯತ್ಯಾಸದಲ್ಲಿ ಯಂತ್ರ ಏಳುತ್ತದೆ ಅಥವಾ ಏಳುವುದಿಲ್ಲ.

ತಟ್ಟೆಯಿಂದ ಸ್ಯಾಮ್‌ಸಂಗ್‌ನ ಎರಡು ಆರಿಸಿದೆ. ಎರಡರ ಮೇಲೂ ‘4ಜಿಬಿ 2ಆರ್‌ಎಕ್ಸ್8 ಪಿಸಿ3-10600ಎಸ್’, ಪಾರ್ಟ್ ನಂಬರ್ ಎಂ471ಬಿ5273ಡಿಎಚ್0-ಸಿಎಚ್9. ಕೊನೆಯ ‘ಸಿ’ ಎಂದರೆ 1.5 ವೋಲ್ಟ್, ‘ಎಚ್9’ ಎಂದರೆ 1333ರ ವೇಗ. ಆ ಹಿರಿಯರು ತಮ್ಮ ಬಳಿ ಇದ್ದ ಒಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಆನ್ ಮಾಡಿ ತೋರಿಸಿಯೇ ಕೊಟ್ಟರು. ಪೇಪರಿನಲ್ಲಿ ಸುತ್ತಿದ್ದನ್ನು ನಾನು ಶರ್ಟಿನ ಜೇಬಿನಲ್ಲಿ ಇಡದೆ, ತಿಂಡಿ ಡಬ್ಬಿಯೊಳಗೆ ಇಟ್ಟು ತಂದೆ. ರೈಲಿನ ನೂಕುನುಗ್ಗಲಿನಲ್ಲಿ ಬಾಗಿದರೆ ಬೆಸುಗೆ ಬಿಡುತ್ತದೆ.

ಮತ್ತೊಂದು ಭಾನುವಾರ, ಮಳೆ, ಮೆಮ್‌ಟೆಸ್ಟ್

ಎರಡನ್ನೂ ಹಾಕಿ ಆನ್ ಮಾಡಿದೆ. ಬೀಪ್ ಇಲ್ಲ. ಒಂದೆರಡು ಸೆಕೆಂಡು ಹೆಚ್ಚೇ ಹಿಡಿಯಿತು, ಆಮೇಲೆ ಥಿಂಕ್‌ಪ್ಯಾಡಿನ ಮುದ್ರೆ ಬಂತು. ಬಯಾಸ್‌ನಲ್ಲಿ 8 ಜಿಬಿ ಎಂದು ತೋರಿಸಿತು. ಅಪ್ಪಯ್ಯ ಆಗಲೇ ಕುರ್ಚಿ ಎಳೆದುಕೊಂಡರು.

‘ಒಂದು ರಾತ್ರಿ ತಡೀರಿ ಅಪ್ಪಯ್ಯ’ ಎಂದೆ.

ಮೂರು ವರ್ಷದ ಬರವಣಿಗೆಯನ್ನು ಪರೀಕ್ಷೆ ಮಾಡದ ರ‍್ಯಾಮಿನ ಮೇಲೆ ತೆರೆಯಲು ನನಗೆ ಮನಸ್ಸಾಗಲಿಲ್ಲ. ರ‍್ಯಾಮಿನಲ್ಲಿ ಒಂದು ಬಿಟ್ ತಪ್ಪಿದರೆ ಕಡತ ಉಳಿಸುವಾಗ ಆ ತಪ್ಪು ಹಾಗೆಯೇ ಡಿಸ್ಕಿಗೆ ಹೋಗಬಹುದು, ಗೊತ್ತಾಗುವುದು ಎಷ್ಟೋ ದಿನ ಕಳೆದ ಮೇಲೆ. ಕಡತದ ಒಂದು ಪ್ರತಿಯನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿದ್ದೆ. ಇನ್ನೊಂದು ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್86+ ಹಾಕಿ, ಅದರಿಂದಲೇ ಬೂಟ್ ಮಾಡಿದೆ. ಇದು ಆಪರೇಟಿಂಗ್ ಸಿಸ್ಟಂ ಇಲ್ಲದೆ ತಾನೇ ಓಡಿ, ರ‍್ಯಾಮಿನ ಪ್ರತಿ ಕೋಶಕ್ಕೂ ಬೇರೆ ಬೇರೆ ನಮೂನೆ ಬರೆದು, ಓದಿ, ತಾಳೆ ನೋಡುತ್ತದೆ. 8 ಜಿಬಿಗೆ ಇಂಥ ಹಳೆಯ ಪ್ರೊಸೆಸರಿನಲ್ಲಿ ಒಂದು ಸುತ್ತಿಗೇ ಗಂಟೆಗಟ್ಟಲೆ ಬೇಕು. ಬ್ಯಾಟರಿಗೆ ಜೀವ ಇಲ್ಲದ ಕಾರಣ ಇನ್ವರ್ಟರಿನ ಪ್ಲಗ್ಗಿಗೆ ಹಾಕಿದೆ. ಈ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ.

ಇಪ್ಪತ್ತು ನಿಮಿಷದೊಳಗೆ ಕೆಂಪು ಸಾಲುಗಳು ಬಂದವು. ತಪ್ಪುಗಳು, ಒಂದರ ಹಿಂದೆ ಒಂದು.

ಇಲ್ಲಿ ಎರಡನ್ನೂ ತೆಗೆದು ಬೈದು ಕೂರುವುದಲ್ಲ, ಒಂದೊಂದನ್ನೇ ಬೇರ್ಪಡಿಸಬೇಕು. ಎರಡಕ್ಕೂ ಪೆನ್ಸಿಲಿನಲ್ಲಿ ಚೀಟಿಯ ಮೂಲೆಗೆ ‘ಅ’, ‘ಆ’ ಎಂದು ಬರೆದೆ. ‘ಅ’ ಒಂದನ್ನೇ ಮೊದಲ ಸ್ಲಾಟಿಗೆ ಹಾಕಿ ಓಡಿಸಿದೆ, ಶುದ್ಧ. ‘ಆ’ ಅದೇ ಸ್ಲಾಟಿನಲ್ಲಿ, ತಪ್ಪು ಬಂತು. ‘ಆ’ಯನ್ನು ಎರಡನೆಯ ಸ್ಲಾಟಿಗೆ ಬದಲಿಸಿದೆ, ಅಲ್ಲೂ ತಪ್ಪು. ತಪ್ಪು ಸ್ಲಾಟಿನ ಜೊತೆ ನಿಲ್ಲದೆ ರ‍್ಯಾಮಿನ ಜೊತೆಗೇ ಹೋಗುತ್ತಿದೆ, ಅಂದರೆ ಬೋರ್ಡ್ ಸರಿ ಇದೆ.

‘ಆ’ಯನ್ನು ಕಿಟಕಿ ಬೆಳಕಿಗೆ ಹಿಡಿದೆ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಕಚ್ಚಿನ ಎಡಗಡೆಯ ಆರೇಳು ಮಾತ್ರ ಮಸುಕಾಗಿದ್ದವು, ಬೆರಳಿನ ಜಿಡ್ಡು ಒಣಗಿ ಕೂತ ಹಾಗೆ. ಶಾಲೆ ಮಕ್ಕಳು ಬಳಸುವ ಬಿಳಿ ರಬ್ಬರು ತೆಗೆದುಕೊಂಡು, ಚಿಪ್ಪಿನ ಕಡೆಯಿಂದ ಅಂಚಿನ ಕಡೆಗೆ ಮಾತ್ರ, ಮೆಲ್ಲಗೆ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ಪಟ್ಟಿ ಎದ್ದು ಬರುತ್ತದೆ. ರಬ್ಬರಿನ ಪುಡಿ ಒಂದು ಚೂರೂ ಉಳಿಯದ ಹಾಗೆ ಒಣ ಬಣ್ಣದ ಕುಂಚದಿಂದ ಗುಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರುವ ತನಕ ಬಿಟ್ಟೆ. ಹಿಂದಿನ ಬದಿಯನ್ನೂ ಹಾಗೇ ಮಾಡಿದೆ.

ಮತ್ತೆ ‘ಆ’ ಒಂದೇ. ಅರ್ಧ ಗಂಟೆ, ಒಂದು ಗಂಟೆ, ತಪ್ಪಿಲ್ಲ. ಒಂದು ಸುತ್ತು ಮುಗಿದ ಮೇಲೆ ಎರಡನ್ನೂ ಹಾಕಿ ರಾತ್ರಿಯಿಡೀ ಓಡಲು ಬಿಟ್ಟೆ. ಎರಡು ಗಂಟೆಗೆ ಕರೆಂಟು ಹೋಯಿತು, ಇನ್ವರ್ಟರ್ ಹಿಡಿದುಕೊಂಡಿತು. ಬೆಳಿಗ್ಗೆ ಹಾಲು ಕರೆದು ಬಂದ ಅಪ್ಪಯ್ಯ ನನಗಿಂತ ಮೊದಲೇ ಪರದೆ ನೋಡಿದ್ದರು.

‘ಸೊನ್ನೆ ಅಂತಿದೆ. ಸೊನ್ನೆ ಒಳ್ಳೇದಾ?’

ಒಳ್ಳೆಯದು. ತಪ್ಪು ಸೊನ್ನೆ.

ಈಗ

ಕಡತ ತೆರೆಯಲು ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಈಗ ಮುಕ್ಕಾಲು ನಿಮಿಷ. ಅದರಲ್ಲಿ ಹೆಚ್ಚಿನ ಪಾಲು ಹಾರ್ಡ್ ಡಿಸ್ಕಿನಿಂದ ಓದುವ ಹೊತ್ತು, ರ‍್ಯಾಮ್ ಅದನ್ನು ಕಡಿಮೆ ಮಾಡಲಾರದು. ಯಂತ್ರ ಆನ್ ಆಗುವ ಹೊತ್ತೂ ಹಿಂದಿನಷ್ಟೇ ಇದೆ. ಬದಲಾದದ್ದು ತೆರೆದ ಮೇಲಿನ ಕೆಲಸ. ಕಡತ, ಫೈರ್‌ಫಾಕ್ಸ್‌ನಲ್ಲಿ ನಾಲ್ಕೈದು ಪುಟ, ಫೋಟೊಗಳ ಕಿಟಕಿ, ಎಲ್ಲ ಒಟ್ಟಿಗೆ ಇದ್ದರೂ 3 ಜಿಬಿಯ ಆಸುಪಾಸಿನಲ್ಲೇ ಇದೆ, ಸ್ವಾಪ್ ಖಾಲಿ. ಪುಟ ಸರಿಸಿದರೆ ಸರಿಯುತ್ತದೆ. ಡಿಸ್ಕಿನ ದೀಪ ಆಗೊಮ್ಮೆ ಈಗೊಮ್ಮೆ ಮಿಣುಕುತ್ತದೆ, ಅಷ್ಟೇ. ಅಪ್ಪೆಮಿಡಿ ಮುಗಿಯುವ ಹೊತ್ತಿಗೆ ಎಸ್‌ಎಸ್‌ಡಿ ಹಾಕಬೇಕು. ಎಕ್ಸ್200ಕ್ಕೆ ಸಾಮಾನ್ಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ತೆಳ್ಳನೆಯ 7 ಮಿಲಿಮೀಟರಿನದಾದರೂ ಬದಿಗೆ ಆಧಾರ ಕೊಟ್ಟರೆ ಸಾಕು.

ಮಧ್ಯಾಹ್ನ ಅಪ್ಪಯ್ಯ ಹೊಸ ಮರವೊಂದನ್ನು ಸೇರಿಸಿದರು, ಹೊಳೆಯಾಚೆಯದು, ಐದು ಫೋಟೊ ಒಟ್ಟಿಗೆ. ತೆಗೆದಿಟ್ಟ ಹಳೆಯ 2 ಜಿಬಿಯನ್ನು ನಾನು ಮೇಜಿನ ಮೇಲೇ ಬಿಟ್ಟಿದ್ದೆ. ಸಂಜೆ ನೋಡಿದರೆ ಅದನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಕವರಿಗೆ ಹಾಕಿ, ಮೇಲೆ ಮಿಡಿಗಳ ಪಟ್ಟಿಗೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದಾರೆ: ‘ಎಕ್ಸ್200ರದು. 2 ಜಿಬಿ. ಎರಡೂ ಕಡೆ ಎಂಟೆಂಟು. ಚೆನ್ನಾಗಿದೆ.’